ಸಿಂಥೆಟಿಕ್ ಬಯಾಲಜಿ ಓದಿದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಕೊನೇ ಸೆಮಿಸ್ಟರ್:
ಬಯೋಟೆಕ್ ಪದವಿ ಮುಗಿಯುತ್ತಾ ಬಂತು. ಸಿಂಥೆಟಿಕ್ ಬಯಾಲಜಿಯಲ್ಲಿ (ಜೀನ್ ಜೋಡಿಸಿ ಜೀವಕೋಶಕ್ಕೆ ಹೊಸ ಕೆಲಸ ಕೊಡುವ ವಿಷಯ) ಎರಡು ವರ್ಷದ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ, ಆದರೆ ಸಾಲ ಮಾಡಬೇಕು. ಇನ್ನೊಂದು ಕಡೆ ಕ್ವಾಲಿಟಿ ಕಂಟ್ರೋಲ್ ಲ್ಯಾಬ್‌ನಲ್ಲಿ ಕೆಲಸಕ್ಕೆ ಕರೆದಿದ್ದಾರೆ. ಮೂರು ವಾರದಲ್ಲಿ ಉತ್ತರ ಹೇಳಬೇಕು. ಗಣಿತ ಅಷ್ಟಕ್ಕಷ್ಟೆ, ಕೋಡಿಂಗ್ ಬರುವುದಿಲ್ಲ. ಕೆಲಸಕ್ಕೆ ನಿಜವಾಗಿ ಬೇಕಾಗುವುದು ಏನು? ಈ ದಾರಿಯಲ್ಲಿ ಹೋದವರು ಹೇಳಿ ಪ್ಲೀಸ್.

ಬಿಳಿ ಕಾಲೊನಿ:
ನಾನು ಇಂಥದ್ದೇ ಮಾಸ್ಟರ್ಸ್ ಮಾಡಿದವಳು. ಮೊದಲ ವಾರದ ಪಾಠ 2000ದಲ್ಲಿ ಬಂದ ಎರಡು ಜೀನ್ ಸರ್ಕ್ಯೂಟ್‌ಗಳದು, ಅಂದರೆ ಒಂದನ್ನೊಂದು ನಿಯಂತ್ರಿಸುವ ಜೀನ್‌ಗಳ ಜೋಡಣೆ. ಒಂದರಲ್ಲಿ ಎರಡು ಜೀನ್ ಒಂದನ್ನೊಂದು ಅದುಮುತ್ತವೆ, ಸ್ವಿಚ್ ಆಯಿತು. ಇನ್ನೊಂದರಲ್ಲಿ ಮೂರು ಜೀನ್ ಸುತ್ತಾಗಿ ಅದುಮುತ್ತವೆ, ಇ. ಕೋಲಿ ಬ್ಯಾಕ್ಟೀರಿಯಾ ಮಿಣುಕು ಹುಳದ ಹಾಗೆ ಹತ್ತಿ ಆರುತ್ತದೆ. ನೋಡಿ ಮರುಳಾದೆ. ಅದೇ ತಪ್ಪಾಯಿತು.

ನನ್ನ ಪ್ರಾಜೆಕ್ಟ್ ಅಂದರೆ ನಾಲ್ಕು ಜೀನ್‌ಗಳನ್ನು ಒಂದು ಪ್ಲಾಸ್ಮಿಡ್‌ಗೆ (ಬ್ಯಾಕ್ಟೀರಿಯಾದೊಳಗಿನ ಉಂಗುರದಂಥ ಸಣ್ಣ ಡಿಎನ್‌ಎ) ಸೇರಿಸುವುದು, ಅಷ್ಟೇ. ಡಿಎನ್‌ಎ ತುಂಡುಗಳನ್ನು ಬೆಸೆಯುವ ಗಿಬ್ಸನ್ ಅಸೆಂಬ್ಲಿ ಕಾಗದದ ಮೇಲೆ 50 ಡಿಗ್ರಿಯಲ್ಲಿ ಒಂದು ಗಂಟೆ. ನನಗೆ ಏಳು ತಿಂಗಳು ಹಿಡಿಯಿತು. 62 ಪ್ರೈಮರ್ (ಡಿಎನ್‌ಎ ನಕಲು ಶುರುಮಾಡಲು ಬೇಕಾದ ಚಿಕ್ಕ ತುಂಡು) ತರಿಸಿದೆ, ಲೆಕ್ಕ ಇಟ್ಟಿದ್ದೇನೆ. ಐದು ಡಿಎನ್‌ಎ ತುಂಡು ಮಾಡಿಸಲು ಕೊಟ್ಟರೆ ಎರಡು ವಾಪಸ್ ಬಂತು, 'ರಿಪೀಟ್ ಜಾಸ್ತಿ, ಆಗಲ್ಲ' ಅಂತ. ಒಂದು ಪ್ರೈಮರ್‌ನ ಅಕ್ಷರಗಳನ್ನು ತಿರುಗಿಸಿ ಬರೆಯುವುದು ಮರೆತಿದ್ದೆ. ಅದು ಪತ್ತೆಯಾಗಲು ಐದು ವಾರ.

ಆಮೇಲೆ ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಬಂತು. ಪ್ಲೇಟ್ ತುಂಬ ಬಂತು! 24 ಆರಿಸಿ ನೋಡಿದೆ. 24ರಲ್ಲೂ ಅದೇ ಹಳೇ ಖಾಲಿ ಪ್ಲಾಸ್ಮಿಡ್. ಹಳೇದನ್ನು ಕತ್ತರಿಸಲಿ ಅಂತ ಡಿಪಿಎನ್-ಒನ್ ಕಿಣ್ವ ಹಾಕಿದೆ. ಮತ್ತೆ ಅದೇ. ಎರಡರಷ್ಟು ಹಾಕಿದೆ. ಮತ್ತೆ ಅದೇ. ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರ ಓದುವ) ರಿಪೋರ್ಟ್ ಶುಕ್ರವಾರ ಸಂಜೆ ಬರುತ್ತಿತ್ತು. ಶನಿವಾರ ಅಂದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಕೊನೆಗೆ ಮೂರು ಜೀನ್‌ಗೆ ಥೀಸಿಸ್ ಮುಗಿಸಿದೆ. ಈಗ ಬ್ಯಾಚ್ ದಾಖಲೆ ನೋಡುವ ಕೆಲಸ. ಸಂಬಳದಲ್ಲಿ ಮೂರರಲ್ಲೊಂದು ಪಾಲು ಸಾಲದ ಕಂತಿಗೆ ಹೋಗುತ್ತದೆ. ಇಂಟರ್‌ವ್ಯೂನಲ್ಲಿ ಸರ್ಕ್ಯೂಟ್ ಬಗ್ಗೆ ಯಾರೂ ಕೇಳಲಿಲ್ಲ. 'ಕ್ಲೋನಿಂಗ್ (ಜೀನ್ ಜೋಡಣೆ) ಕೆಟ್ಟಾಗ ಕಾರಣ ಹೇಗೆ ಹುಡುಕಿದಿರಿ' ಅಂತ ಮಾತ್ರ ಕೇಳಿದರು. ಹುಡುಕಲೇ ಇಲ್ಲವಲ್ಲ, ಏನು ಹೇಳಲಿ.

ನೊರೆಗಾರ:
ನಾನು ಮಾಸ್ಟರ್ಸ್ ಮಾಡಲಿಲ್ಲ. ಫರ್ಮೆಂಟರ್ (ಸೂಕ್ಷ್ಮಜೀವಿ ಬೆಳೆಸುವ ಟ್ಯಾಂಕ್) ಪಕ್ಕದಲ್ಲಿ ರಾತ್ರಿ ಪಾಳಿಯಿಂದ ಶುರು ಮಾಡಿದವನು. ಒಂಬತ್ತು ವರ್ಷ ಆಯಿತು. ಇವತ್ತು ದೊಡ್ಡ ಡಿಗ್ರಿಯವರು ಸ್ಟ್ರೈನ್ (ಸೂಕ್ಷ್ಮಜೀವಿ ತಳಿ) ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ಒಂದು ರಾತ್ರಿ ಹೇಳುತ್ತೇನೆ. ಫ್ಲಾಸ್ಕ್‌ನಲ್ಲಿ ಚೆನ್ನಾಗಿ ಬೆಳೆದ ಇ. ಕೋಲಿಯನ್ನು ಸಾವಿರ ಲೀಟರ್ ಟ್ಯಾಂಕಿಗೆ ಹಾಕಿದ್ದೆವು. ರಾತ್ರಿ 2:40ಕ್ಕೆ ನೊರೆ ಉಕ್ಕಿತು. ಗಾಳಿ ಹೊರಹೋಗುವ ಫಿಲ್ಟರ್ ನೆನೆದು ಒಳಗೆ ಒತ್ತಡ ಏರಿತು. ಗಾಬರಿಯಲ್ಲಿ ನೊರೆ ಇಳಿಸುವ ಆಂಟಿಫೋಮ್ ಜಾಸ್ತಿ ಸುರಿದೆ. ನೊರೆ ಇಳಿಯಿತು, ಜೊತೆಗೆ ಕರಗಿದ ಆಮ್ಲಜನಕವೂ ಇಳಿಯಿತು. ಶೇಕಡಾ 30, 18, 6, ಸೊನ್ನೆ. ಆಮ್ಲಜನಕ ಇಲ್ಲ ಅಂದಮೇಲೆ ಕೋಶಗಳು ಅಸಿಟೇಟ್ (ವಿನಿಗರ್‌ನ ಹುಳಿ) ಬಿಡಲು ಶುರು. ಬೆಳಗ್ಗೆ ಬಾಗಿಲು ತೆಗೆದರೆ ವಿನಿಗರ್ ವಾಸನೆ. ಬ್ಯಾಚ್ ಚರಂಡಿಗೆ.

ಇನ್ನೊಂದು ಸಲ ಆಮ್ಲಜನಕ ಎಲ್ಲ ಸರಿ ಇತ್ತು, ಆದರೆ ಇಳುವರಿ ಇಲ್ಲ. ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕೋಶಗಳು ಪ್ಲಾಸ್ಮಿಡ್ ಬಿಸಾಕಿದ್ದವು. ನಿಮ್ಮ ಅಂದದ ಸರ್ಕ್ಯೂಟ್ ಕೋಶದ ಪಾಲಿಗೆ ತಲೆಹೊರೆ ಅಷ್ಟೇ. ಹೊರೆ ಇಳಿಸಿದವನು ಬೇಗ ಬೆಳೆಯುತ್ತಾನೆ. ಅಸಲಿ ಕೌಶಲ ಟ್ಯಾಂಕಿನ ಹತ್ತಿರ ಇದೆ. ಮಲೇರಿಯಾ ಔಷಧಿಯ ಕಥೆ ಗೊತ್ತಲ್ಲ? ಜೀನ್ ಬದಲಿಸಿದ ಯೀಸ್ಟ್ ಲೀಟರಿಗೆ 25 ಗ್ರಾಂ ಆರ್ಟಿಮಿಸಿನಿಕ್ ಆಮ್ಲ (ಆ ಔಷಧಿಯ ಕಚ್ಚಾವಸ್ತು) ಕೊಟ್ಟಿತು, 2013ರಲ್ಲಿ ಪೇಪರ್ ಬಂತು. ಆದರೂ ಗಿಡದಿಂದ ತೆಗೆದದ್ದೇ ಅಗ್ಗಕ್ಕೆ ಸಿಕ್ಕಿತು.

ಎಚ್ ಹನ್ನೆರಡು:
ಇವರಿಬ್ಬರೂ ಹಳೇ ಕಾಲದ ಕಷ್ಟ ಹೇಳುತ್ತಿದ್ದಾರೆ. ನಾನು ಪೈಪೆಟ್ ಹಿಡಿಯುವುದು ಬಿಟ್ಟು ಪೈಥಾನ್ (ಕೋಡಿಂಗ್ ಭಾಷೆ) ಹಿಡಿದೆ. ಈಗ ದ್ರವ ಹಾಕುವುದು ರೋಬಾಟ್, ನಾನು 96 ಗುಳಿಯ (ವೆಲ್) ಪ್ಲೇಟಿಗೆ ಪ್ಲಾನ್ ಬರೆಯುತ್ತೇನೆ. ಒಂದು ವಾರಕ್ಕೆ ಹತ್ತು ಪ್ಲೇಟ್. ನಿಮ್ಮ 24 ಕಾಲೊನಿ ನನಗೆ ಕಾಲು ಪ್ಲೇಟ್.

ಏಟು ನಾನೂ ತಿಂದಿದ್ದೇನೆ. ರೋಬಾಟ್ 96 ವೆಲ್ ಪ್ಲೇಟನ್ನು ಕಂಬ ಕಂಬವಾಗಿ ತುಂಬುತ್ತಿತ್ತು. ರೀಡರ್ ಸಾಲು ಸಾಲಾಗಿ ಓದುತ್ತಿತ್ತು. ನನ್ನ ಕೋಡ್ ಎರಡೂ ಒಂದೇ ಅಂದುಕೊಂಡಿತ್ತು. ಮೊದಲ ವೆಲ್ ಮತ್ತು ಕೊನೆಯ ಎಚ್12 ಎರಡರಲ್ಲೂ ಸರಿಯಾಗಿ ಹೊಂದುತ್ತದೆ ನೋಡಿ, ನಾನು ಚೆಕ್ ಮಾಡಿದ್ದು ಅವೆರಡನ್ನೇ! ನಡುವಿನದೆಲ್ಲ ಅದಲುಬದಲು. ಆರು ವಾರದ ಡೇಟಾ. ಅದರ ಮೇಲೆ 'ಈ ಪ್ರಮೋಟರ್ (ಜೀನ್ ಆನ್ ಮಾಡುವ ಡಿಎನ್‌ಎ ಭಾಗ) ಅದ್ಭುತ' ಅಂತ ಸ್ಲೈಡ್ ಬೇರೆ ಮಾಡಿದ್ದೆ. ಅಂದಿನಿಂದ ಪ್ರತಿ ಪ್ಲೇಟಿನಲ್ಲೂ ಮಧ್ಯದ ಒಂದು ವೆಲ್‌ಗೆ ಬಣ್ಣ ಹಾಕುತ್ತೇನೆ.

ಕೋಡಿಂಗ್ ಕಲಿಯಿರಿ, ಮುಗೀತು.

ನೊರೆಗಾರ:
ನೊರೆ ಉಕ್ಕಿದಾಗ ನಿಮ್ಮ ಪೈಥಾನ್ ಬಂದು ವಾಲ್ವ್ ತಿರುಗಿಸುತ್ತದಾ?

ಎಚ್ ಹನ್ನೆರಡು:
ನೊರೆಗೆ ಸೆನ್ಸರ್ ಇದೆ ಸ್ವಾಮಿ. ಆಂಟಿಫೋಮ್ ಹನಿ ಹನಿಯಾಗಿ ತಾನೇ ಹಾಕುತ್ತದೆ. ಕೈಯಲ್ಲಿ ಸುರಿದವರು ನೀವು.

ನೊರೆಗಾರ:
ಆ ಸೆನ್ಸರ್‌ಗೆ ಮಡ್ಡಿ ಅಂಟಿಕೊಂಡರೆ ನೊರೆ ಇಲ್ಲದಿದ್ದರೂ ಹಾಕುತ್ತಲೇ ಇರುತ್ತದೆ. ಟ್ಯಾಂಕ್ ಕಂಡವರಿಗೆ ಇದು ಗೊತ್ತಿರುತ್ತದೆ. ಪರದೆ ಮುಂದೆ ಕೂತು ಸುಮ್ನೆ ಮಾತಾಡಬೇಡಿ.

ಹಳೇ ಪೈಪೆಟ್:
ಜಗಳ ಸಾಕು ಮಾಡ್ರಪ್ಪ. ನಾನು ಕಾಲೇಜಿನಲ್ಲಿದ್ದಾಗ ಐಜೆಮ್ (ಸಿಂಥೆಟಿಕ್ ಬಯಾಲಜಿ ಸ್ಪರ್ಧೆ) ತಂಡದಲ್ಲಿದ್ದೆ. 2003ರಲ್ಲಿ ಎಂಐಟಿಯಲ್ಲಿ ಕ್ಲಾಸಾಗಿ ಶುರುವಾಗಿ 2004ಕ್ಕೆ ಸ್ಪರ್ಧೆಯಾಯಿತಲ್ಲ, ಅದು. ಮಾಸ್ಟರ್ಸ್‌ಗಿಂತ ಜಾಸ್ತಿ ಕಲಿತದ್ದು ಆ ಒಂದು ಬೇಸಿಗೆಯಲ್ಲಿ. ಪದಕ ಬರಲಿಲ್ಲ, ಪರವಾಗಿಲ್ಲ. ನಿದ್ದೆಗೆಟ್ಟು ಮಾಡಿದ ಐದು ಡಿಎನ್‌ಎ ಭಾಗಗಳಲ್ಲಿ ಒಂದು ಕೆಲಸ ಮಾಡಿತು. ಆ ಒಂದರ ನೋಟ್‌ಬುಕ್ ತೋರಿಸಿಯೇ ನನಗೆ ಮೊದಲ ಕೆಲಸ ಸಿಕ್ಕಿದ್ದು.

ಬಿಳಿ ಕಾಲೊನಿ ಅವರೇ, ಒಂದು ಪ್ರಶ್ನೆ. ಆ ಖಾಲಿ ಪ್ಲಾಸ್ಮಿಡ್ಡನ್ನು ಯಾವ ಸ್ಟ್ರೈನ್‌ನಿಂದ ತೆಗೆದಿದ್ದಿರಿ? ಡಿಪಿಎನ್-ಒನ್ ಮೀಥೈಲ್ ಗುರುತು ಇರುವ ಡಿಎನ್‌ಎ ಮಾತ್ರ ಕತ್ತರಿಸುತ್ತದೆ. ಗುರುತು ಹಾಕುವುದು ಡ್ಯಾಮ್ ಅನ್ನುವ ಜೀನ್, ಅದು ಇಲ್ಲದ ಸ್ಟ್ರೈನ್‌ನಲ್ಲಿ ಆ ಗುರುತೇ ಬೀಳುವುದಿಲ್ಲ. ಬಾಟಲಿಗಟ್ಟಲೆ ಹಾಕಿದರೂ ವ್ಯರ್ಥ. ಇದು ಬೇಸಿಕ್.

ಬಿಳಿ ಕಾಲೊನಿ:
ಬೇಸಿಕ್ಕಾ? ಲ್ಯಾಬಿನಲ್ಲಿ ಎಂಟು ಜನ ಇದ್ದರು, ಗೈಡ್ ಇದ್ದರು. ಏಳು ತಿಂಗಳು ಒಬ್ಬರೂ ಕೇಳಲಿಲ್ಲ. ಎಲ್ಲರೂ ಹೇಳಿದ್ದು 'ಇನ್ನೊಂದು ಸಲ ಮಾಡು'. ಈಗ ಬಂದು ಬೇಸಿಕ್ ಅನ್ನುವುದು ಸುಲಭ ಸರ್. ಟ್ಯೂಬ್ ಫ್ರೀಜರ್‌ನಲ್ಲಿ ಇತ್ತು, ತೆಗೆದೆ, ಬಳಸಿದೆ. ಎಲ್ಲರೂ ಹಾಗೇ ಮಾಡುವುದು ಅಲ್ವಾ?

ಹಳೇ ಪೈಪೆಟ್:
ಎಲ್ಲರೂ ಹಾಗೇ ಮಾಡುತ್ತಾರೆ, ಅದಕ್ಕೇ ಕೇಳಿದೆ. ಡಿಎನ್‌ಎಯನ್ನು ಜೆಲ್‌ನಲ್ಲಿ ಓಡಿಸಿ, ಗಾತ್ರದ ಪ್ರಕಾರ ಬೇರೆಯಾದ ಬ್ಯಾಂಡ್ ಕತ್ತರಿಸಿ ತೆಗೆದಿದ್ದರೆ ಹಳೇದು ಬಹುಪಾಲು ಹೋಗುತ್ತಿತ್ತು. ಇಲ್ಲವೇ ಟೆಂಪ್ಲೇಟ್ (ಮೂಲ ಡಿಎನ್‌ಎ) ಹಾಕದ ಪಿಸಿಆರ್ (ಡಿಎನ್‌ಎ ನಕಲು ಮಾಡುವ ವಿಧಾನ), ಲೈಗೇಸ್ (ತುಂಡು ಬೆಸೆಯುವ ಕಿಣ್ವ) ಹಾಕದ ಮಿಕ್ಸ್, ಹೋಲಿಸಿ ನೋಡಲು ಎರಡು ಕಂಟ್ರೋಲ್ ಪ್ಲೇಟ್. ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು.

ಎಚ್ ಹನ್ನೆರಡು:
ಗಿಬ್ಸನ್‌ನಲ್ಲಿ ಲೈಗೇಸ್ ಮಾತ್ರ ಬಿಟ್ಟರೆ ಏನೂ ತಿಳಿಯುವುದಿಲ್ಲ. ಅಂಟಿಕೊಂಡ ತುಂಡನ್ನು ಕೋಶವೇ ಬೆಸೆದುಬಿಡಬಹುದು. ಪೂರ್ತಿ ಎನ್‌ಝೈಮ್ ಮಿಕ್ಸ್ ಬಿಟ್ಟು ಬರೀ ತುಂಡುಗಳನ್ನು ಹಾಕಬೇಕು. ಬೇಸಿಕ್.

ಹಳೇ ಪೈಪೆಟ್:
ಸರಿ, ಅದು ನನ್ನ ತಪ್ಪು. ಕಟ್ ಮಾಡಿ ಅಂಟಿಸುವ ಕಾಲದ ಅಭ್ಯಾಸ.

ಕೊನೇ ಸೆಮಿಸ್ಟರ್:
ಎಲ್ಲರಿಗೂ ಥ್ಯಾಂಕ್ಸ್. ಕ್ವಾಲಿಟಿ ಕಂಟ್ರೋಲ್ ಕೆಲಸದಲ್ಲಿ ಎರಡು ವರ್ಷ ಇದ್ದು ಆಮೇಲೆ ಓದಿದರೆ ಹೇಗೆ?

ನೊರೆಗಾರ:
ಇರಿ, ಹೇಳುತ್ತೇನೆ. ಮೊದಲು ಆ ಎಚ್ ಹನ್ನೆರಡು ಅವರು ಒಮ್ಮೆಯಾದರೂ ಟ್ಯಾಂಕ್ ತೊಳೆದಿದ್ದಾರಾ ಕೇಳಿ.

ಎಚ್ ಹನ್ನೆರಡು:
ಇಲ್ಲ. ಅದಕ್ಕೂ ರೋಬಾಟ್ ಇದೆ.

ಹಳೇ ಪೈಪೆಟ್:
2010ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ಸಂಸ್ಥೆಯವರು ಸುಮಾರು 10.8 ಲಕ್ಷ ಅಕ್ಷರದ ಜೀನೋಮ್ (ಒಂದು ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ) ಜೋಡಿಸಿ ಕೋಶಕ್ಕೆ ಹಾಕಿದರಲ್ಲ, ಅಲ್ಲೂ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಕೆಲಸ ನಿಂತಿತ್ತು. ತುಂಡು ತುಂಡಾಗಿ ಬದಲಿಸಿ ನೋಡಿ ಪತ್ತೆ ಮಾಡಿದರು. ಕೊನೇ ಸೆಮಿಸ್ಟರ್ ಅವರೇ, ಕ್ವಾಲಿಟಿ ಕಂಟ್ರೋಲ್‌ನಲ್ಲಿ ದಿನಾ ಮಾಡುವುದು ಹೆಚ್ಚುಕಮ್ಮಿ ಅದೇ. ಎಲ್ಲಿ ಕೆಟ್ಟಿತು ಅಂತ ಹುಡುಕುವುದು.

ಬಿಳಿ ಕಾಲೊನಿ:
ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಬಿನಲ್ಲಿ ಈಗಲೂ ಇರುವ ಜೂನಿಯರ್‌ಗೆ ಹೇಳಿ ಫ್ರೀಜರ್ ಡಬ್ಬಿ ತೆಗೆಸಿದೆ. ಅದೇ ಟ್ಯೂಬ್ ಇನ್ನೂ ಇದೆ. ಮುಚ್ಚಳದ ಮೇಲೆ ಪ್ಲಾಸ್ಮಿಡ್ ಹೆಸರು ಮಾತ್ರ. ಪಕ್ಕದ ಐಸ್ ಒರೆಸಿದರೆ ಮಾರ್ಕರ್‌ನಲ್ಲಿ ಸಣ್ಣದಾಗಿ 'ಡ್ಯಾಮ್ ಮೈನಸ್' ಅಂತ ಬರೆದಿದೆ. ನಾನು ಸೇರುವ ಮೊದಲು ಒಬ್ಬ ಸೀನಿಯರ್ ಎಕ್ಸ್‌ಬಾ-ಒನ್‌ನಲ್ಲಿ ಕತ್ತರಿಸಲಿಕ್ಕೆ ಮಾಡಿಟ್ಟದ್ದಂತೆ. ಆ ಕಿಣ್ವಕ್ಕೆ ಮೀಥೈಲ್ ಗುರುತು ಅಡ್ಡ ಬರುತ್ತದಲ್ಲ, ಅದಕ್ಕೆ.

ಹಳೇ ಪೈಪೆಟ್ ಸರ್, ನೀವು ಹೇಳಿದ್ದು ಸರಿ. ಬೇಸಿಕ್ ಅಂದದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳಿ.