ಪದಚರ್ಚೆ: ಬ್ರೂವರಿಗೆ ‘ಭಟ್ಟಿ’ ಅನ್ನಬಹುದೇ?

ಗೆಳೆಯರೇ,

ಬ್ರಿಟನ್ನಿನ ವೇಲ್ಸ್‌ನ ಒಂದು ಹಳೆಯ ಬ್ರೂವರಿಯ, ಅಂದರೆ ಬಿಯರ್ ತಯಾರಿಸುವ ಜಾಗದ, ಬಗೆಗಿನ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಬ್ರೂವರಿಗೆ ನಾವು ಏನನ್ನೋಣ?

ಕೆಲವರು ‘ಭಟ್ಟಿ’ ಎಂದು ಬರೆಯುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಭಟ್ಟಿ ಇಳಿಸುವುದು ಅಂದರೆ ಕಾಯಿಸಿ, ಆವಿ ಎಬ್ಬಿಸಿ, ಆ ಆವಿಯನ್ನು ತಣಿಸಿ ಹನಿಹನಿಯಾಗಿ ಹಿಡಿಯುವುದು. ಸಾರಾಯಿ, ವಿಸ್ಕಿ ಆಗುವುದು ಹಾಗೆ. ಬಿಯರ್‌ಗೆ ಆವಿ ಹಿಡಿಯುವ ಕೆಲಸವೇ ಇಲ್ಲ. ‘ಮದ್ಯ ತಯಾರಿಕಾ ಘಟಕ’ ಅಂದರೆ ಅಬಕಾರಿ ಇಲಾಖೆಯ ಫೈಲು ಓದಿದ ಹಾಗಾಗುತ್ತದೆ. ಒಂದು ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದ ಜಾಗಕ್ಕೆ ಅದು ಒಗ್ಗುವುದಿಲ್ಲ.

ನಾನು ಹೇಳುತ್ತಿರುವುದು ಲ್ಯಾನೆಲ್ಲಿ ಪಟ್ಟಣದ ಪಕ್ಕದ ಫೆಲಿನ್‌ಫೋಯ್ಲ್ ಬ್ರೂವರಿ. ವೇಲ್ಸ್‌ನ ನುಡಿಯಾದ ವೆಲ್ಶ್‌ನಲ್ಲಿ ಒಂಟಿ ಎಫ್ ಅಕ್ಷರಕ್ಕೆ ‘ವ’ ಉಚ್ಚಾರಣೆ, ಹಾಗಾಗಿ ‘ವೆಲಿನ್‌ವೊಯ್ಲ್’ ಎಂದೇ ಬರೆಯಬೇಕು ಅನ್ನಿಸುತ್ತದೆ. ಡೇವಿಡ್ ಜಾನ್ ಎಂಬಾತ ತನ್ನ ಪಬ್ಬಿನ ಗಿರಾಕಿಗಳಿಗೆಂದು ಬಿಯರ್ ಮಾಡುತ್ತಿದ್ದ. ಬೇಡಿಕೆ ಜಾಸ್ತಿಯಾಗಿ 1878ರಲ್ಲಿ ರಸ್ತೆಯ ಆಚೆ ಬದಿಗೆ ಬೇರೆ ಕಟ್ಟಡವೇ ಎದ್ದಿತು.

ಬ್ರೂವರಿಗೆ ವೆಲ್ಶ್ ಪದ ‘ಬ್ರಾಗ್‌ದಿ’. ‘ಬ್ರಾಗ್’ ಅಂದರೆ ಮಾಲ್ಟ್, ‘ತೀ’ ಅಂದರೆ ಮನೆ. ಎರಡೂ ಸೇರಿದಾಗ ‘ತ’ ಹೋಗಿ ‘ದ’ ಬಂತು. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುವಂತೆಯೇ ಅಲ್ವಾ? ನಮ್ಮ ಆದೇಶ ಸಂಧಿ ಅಷ್ಟು ದೂರದ, ನಂಟಿಲ್ಲದ ನುಡಿಯಲ್ಲೂ ಕಾಣುತ್ತದೆ. ಹಾಲಿನ ಡೇರಿಗೂ ಅವರದು ಇದೇ ಜಾಡು: ಹಾಲಿನ ಮನೆ.

ಹಾಗಾದರೆ ನಾವೂ ‘ಮನೆ’ ಸೇರಿಸಿ ಪದ ಕಟ್ಟಬಹುದು. ನಮ್ಮಲ್ಲಿ ಆಲೆಮನೆ ಇದೆ. ಕೊಪ್ಪರಿಗೆ, ಬೆಂಕಿ, ಸಿಹಿ ರಸ, ಕುದಿಯ ಹದ ನೋಡುವ ಒಬ್ಬ ಹಿರಿಯ. ಬ್ರೂವರಿಗೆ ಇದಕ್ಕಿಂತ ಹತ್ತಿರದ ಜಾಗ ನಮ್ಮಲ್ಲಿ ಬೇರೆ ಇಲ್ಲ. ಆದರೆ ‘ಬೀರುಮನೆ’ ಅಂದರೆ ಬಟ್ಟೆ ಇಡುವ ಬೀರು ನೆನಪಾಗುತ್ತದೆ. ‘ಬಿಯರ್‌ಮನೆ’ ಅಂದರೆ ಕುಡಿಯಲು ಕೂರುವ ಜಾಗ ಅನ್ನಿಸೀತು. ‘ಮಾಲ್ಟ್‌ಮನೆ’ ಹೇಗೆ?

ಹಾಗೆಂದರೆ ಮಾಲ್ಟ್‌ಗೂ ಕನ್ನಡ ಬೇಕು ಅನ್ನುತ್ತೀರಿ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಮುಂದೆ ಹೋಗದಂತೆ ಬಿಸಿಗಾಳಿಯಲ್ಲಿ ಒಣಗಿಸಿದರೆ ಅದು ಮಾಲ್ಟ್. ನಮ್ಮಜ್ಜಿ ರಾಗಿಗೆ ಮಾಡುತ್ತಿದ್ದದ್ದೂ ಇದನ್ನೇ. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು, ಬಿಚ್ಚಿದರೆ ಬಿಳಿ ಬೇರು ಬಟ್ಟೆಯ ನೂಲಿಗೆ ಹೆಣೆದುಕೊಂಡಿರುತ್ತಿತ್ತು. ಅವರು ಅದಕ್ಕೆ ಬೇರೆ ಹೆಸರು ಹೇಳಲಿಲ್ಲ, ‘ಮೊಳಕೆ ರಾಗಿ’ ಅಷ್ಟೆ. ‘ಮೊಳಕೆಕಾಳು’ ಅಂದರೆ ಪಲ್ಯದ ಹೆಸರುಕಾಳು ಆಗಿಬಿಡುತ್ತದೆ. ‘ಹುರಿಹಿಟ್ಟು’ ಬೇರೆಯೇ. ಹಾಗಾಗಿ ಮಾಲ್ಟ್ ಇರಲಿ, ರಾಗಿ ಮಾಲ್ಟ್ ಕುಡಿಯದವರು ಯಾರಿದ್ದಾರೆ!

ಮುಂದಿನ ಕೆಲಸಗಳಿಗೆ ಅಡುಗೆಮನೆಯಲ್ಲೇ ಪದಗಳಿವೆ. ಒಡೆದ ಮಾಲ್ಟನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ನೆನೆಹಾಕುತ್ತಾರೆ, ಆಗ ಗಂಜಿಯ ಅಂಶ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಬಸಿಯುತ್ತಾರೆ. ಬಸ್ಸಾರು ಮಾಡುವವರಿಗೆ ‘ಬಸಿ’ ಹೇಳಿಕೊಡಬೇಕಿಲ್ಲ. ‘ಬಸಿದ ಸಿಹಿ’ ಎಂದು ಬರೆದಿದ್ದೇನೆ. ಉಳಿದದ್ದು ಚರಟ, ಅದು ದನಗಳಿಗೆ ಹೋಗುತ್ತದೆ. ಬಸಿದದ್ದನ್ನು ಕೊಪ್ಪರಿಗೆಯಲ್ಲಿ ಹಾಪ್ಸ್ (ಕಹಿ, ಕಂಪು ಕೊಡುವ ಒಂದು ಬಳ್ಳಿಯ ಹೂ) ಹಾಕಿ ಕುದಿಸುತ್ತಾರೆ. ಆರಿದ ಮೇಲೆ, ಸಿಹಿಯನ್ನು ಮದ್ಯವಾಗಿಸುವ ಯೀಸ್ಟ್ ಬೆರೆಸುತ್ತಾರೆ.

ಇಲ್ಲಿ ‘ಹೆಪ್ಪು ಹಾಕು’ ಅನ್ನುವುದೇ ಸರಿ ಎಂದು ನನ್ನ ವಾದ. ಯಾಕೆಂದರೆ ಇಂಥ ಬ್ರೂವರಿಗಳಲ್ಲಿ ಯೀಸ್ಟ್ ನೊರೆಯ ಜೊತೆ ಮೇಲೆ ತೇಲಿ ಬರುತ್ತದೆ. ಅದನ್ನು ತೆಗೆದಿಟ್ಟುಕೊಂಡು ಮುಂದಿನ ಸಲಕ್ಕೆ ಹಾಕುತ್ತಾರೆ. ನಿನ್ನೆಯ ಮೊಸರಿನಿಂದ ಇವತ್ತಿನ ಹೆಪ್ಪು, ಅಷ್ಟೇ. ‘ಹುದುಗು’ ಪದವನ್ನು ಒಳಗೆ ನಡೆಯುವ ಕ್ರಿಯೆಗೆ ಇಟ್ಟುಕೊಳ್ಳೋಣ.

ಇನ್ನೊಂದು ಚಿಕ್ಕ ತೊಡಕು. ಲ್ಯಾನೆಲ್ಲಿ ತವರ ಲೇಪಿಸಿದ ತಗಡಿಗೆ ಹೆಸರಾದ ಊರು. 1935ರ ಕೊನೆಯಲ್ಲಿ ಈ ಬ್ರೂವರಿ ಬ್ರಿಟನ್‌ನಲ್ಲೇ ಮೊದಲು ಬಿಯರನ್ನು ತಗಡಿನ ಡಬ್ಬಿಯಲ್ಲಿ ತುಂಬಿತು. ಅದರ ಮೇಲ್ಭಾಗ ಆಲಿಕೆಯನ್ನು ಬೋರಲು ಹಾಕಿದ ಹಾಗೆ, ತುದಿಯಲ್ಲಿ ಸೋಡಾ ಬಾಟಲಿಗೆ ಇರುವಂಥ ಬಿರಡೆ. ಈಗಿನ ‘ಕ್ಯಾನ್’ ಅಂದರೆ ಆ ಆಕಾರ ಕಣ್ಣಿಗೆ ಬರುವುದಿಲ್ಲ. ‘ತಗಡಿನ ಸೀಸೆ’ ಎಂದು ಬರೆದಿದ್ದೇನೆ. ನಿಮಗೇನನ್ನಿಸುತ್ತದೆ?

ಕೊನೆಗೆ ಮಂಡ್ಯದ ಕಡೆಯವರಿಗೆ ಒಂದು ಪ್ರಶ್ನೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮೇಲೆ ಬಂದ ನೊರೆಯನ್ನು ಎತ್ತಿ ತೆಗೆಯುವ ಕೆಲಸಕ್ಕೆ, ಆ ಜಾಲರಿ ಸೌಟಿಗೆ, ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಯೀಸ್ಟ್ ನೊರೆ ತೆಗೆಯುವ ಸಾಲು ಆ ಒಂದು ಪದಕ್ಕಾಗಿ ಖಾಲಿ ಬಿಟ್ಟಿದ್ದೇನೆ.