ಮನೆಯಲ್ಲಿ ಎರಡು ರೌಟರ್, ಎರಡಕ್ಕೂ 192.168.1.1: ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಕೆಳಗಡೆ ಫೈಬರ್ ಕಂಪನಿಯವರು ಕೊಟ್ಟ ವೈಫೈ ಬಾಕ್ಸ್ ಇದೆ. ಮಹಡಿಯಲ್ಲಿ ಸಿಗ್ನಲ್ ಸಿಗಲ್ಲ ಅಂತ ಇನ್ನೊಂದು ರೌಟರ್ ತಂದೆ. ಕೆಳಗಿನಿಂದ ವೈರ್ ಎಳೆದು ಹೊಸದರ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನ ಜೋಡಿಸುವ ಕಿಂಡಿ) ಹಾಕಿದ್ದೇನೆ. ವೈಫೈ ಕನೆಕ್ಟ್ ಆಗುತ್ತದೆ, ಇಂಟರ್ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಎರಡರ ಬೆನ್ನಿಗೂ 192.168.1.1 ಅಂತಲೇ ಬರೆದಿದೆ. ಅದನ್ನು ಟೈಪ್ ಮಾಡಿದರೆ ಒಂದು ಸಲ ಇದರ ಪುಟ, ಇನ್ನೊಂದು ಸಲ ಅದರ ಪುಟ ತೆರೆಯುತ್ತದೆ.

ಉತ್ತರ: ನಮಸ್ಕಾರ ಸರ್. ರೌಟರ್ ಕೆಟ್ಟಿಲ್ಲ, ಅದನ್ನು ವಾಪಸ್ ಕೊಡಬೇಡಿ. ಎಷ್ಟೋ ರೌಟರ್‌ಗಳು ಕಾರ್ಖಾನೆಯಿಂದಲೇ ಈ ವಿಳಾಸ ಇಟ್ಟುಕೊಂಡು ಬರುತ್ತವೆ. ಒಂದೇ ಮನೆಯಲ್ಲಿ ಎರಡು ಸೇರಿದರೆ, ಒಂದನ್ನು ಕರೆದಾಗ ಎರಡೂ ಓಗೊಡುತ್ತವೆ.

ಫೋನ್ ವೈಫೈಗೆ ಸೇರಿದ ಕೂಡಲೇ "ನನಗೊಂದು ವಿಳಾಸ ಕೊಡಿ" ಅಂತ ಕೇಳುತ್ತದೆ. ಕೊಡುವುದು ರೌಟರಿನೊಳಗಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಕೆಲಸ. ನಿಮ್ಮಲ್ಲಿ ಈಗ ಎರಡು ರೌಟರ್‌ಗಳೂ ಹಂಚುತ್ತಿವೆ. ಟಿವಿಗೆ ಕೊಟ್ಟ 192.168.1.5 ಅನ್ನೇ ಇನ್ನೊಂದು ನಿಮ್ಮ ಫೋನಿಗೂ ಕೊಟ್ಟುಬಿಡಬಹುದು. ಹೊರಗೆ ಹೋಗುವ ದಾರಿ 192.168.1.1 ಅಂತಲೂ ಎರಡೂ ಹೇಳುತ್ತವೆ. ಫೋನಿಗೆ ಕೆಳಗಿನ ಬಾಕ್ಸ್ ಸಿಕ್ಕಿದರೆ ಇಂಟರ್ನೆಟ್ ಬಂತು. ಹೊಸ ರೌಟರ್ ಸಿಕ್ಕಿದರೆ ಅಲ್ಲಿಗೇ ನಿಂತಿತು. ಹೊರಗಿನ ಇಂಟರ್ನೆಟ್ ಒಳಗೆ ಬರುವ ಅದರ ವ್ಯಾನ್ ಪೋರ್ಟ್ ಖಾಲಿ ಇದೆ, ಅಲ್ವಾ?

ಮೊದಲು ನಡುವಿನ ವೈರ್ ತೆಗೆಯಿರಿ. ಕೆಳಗಿನ ಬಾಕ್ಸಿನ ವೈಫೈಯಿಂದ ಅದರ ಪುಟಕ್ಕೆ ಹೋಗಿ, ಡಿಎಚ್‌ಸಿಪಿ ಹಂಚುವ ವಿಳಾಸಗಳನ್ನು 192.168.1.20ರಿಂದ 192.168.1.200ರವರೆಗೆ ಅಂತ ಇಡಿ. ಆಮೇಲೆ ಹೊಸ ರೌಟರಿಗೆ ಲ್ಯಾಪ್‌ಟಾಪ್ ಒಂದನ್ನೇ ಜೋಡಿಸಿ. ಲ್ಯಾನ್ ಸೆಟ್ಟಿಂಗಿನಲ್ಲಿ ಅದರ ಐಪಿಯನ್ನು (ಅಂದರೆ ವಿಳಾಸವನ್ನು) 192.168.1.2 ಮಾಡಿ ಸೇವ್ ಮಾಡಿ; ಅದು ಹಂಚುವ ವಿಳಾಸಗಳ ಹೊರಗಿರುವುದರಿಂದ ಬೇರೆ ಯಾರಿಗೂ ಹೋಗುವುದಿಲ್ಲ. ರೀಸ್ಟಾರ್ಟ್ ಆದಮೇಲೆ ಹೊಸ ವಿಳಾಸದಲ್ಲೇ ಒಳಗೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ವೈರನ್ನು ಮತ್ತೆ ಲ್ಯಾನ್ ಪೋರ್ಟಿಗೇ ಹಾಕಿ. ಬಿಳಿ ಟೇಪಿನ ಮೇಲೆ 192.168.1.2 ಅಂತ ಬರೆದು ಹಳೇ ಸ್ಟಿಕ್ಕರ್ ಮೇಲೆ ಅಂಟಿಸಿ. ಆರು ತಿಂಗಳ ನಂತರ ಖಂಡಿತ ಬೇಕಾಗುತ್ತದೆ.

ವೈರನ್ನು ವ್ಯಾನ್ ಪೋರ್ಟಿಗೆ ಹಾಕಿ, ಮೇಲಿನದಕ್ಕೆ 192.168.2.1 ಕೊಟ್ಟರೂ ಇಂಟರ್ನೆಟ್ ಬರುತ್ತದೆ. ಆದರೆ ಮಹಡಿಯ ಫೋನಿನಿಂದ ಕೆಳಗಿನ ಟಿವಿ, ಪ್ರಿಂಟರ್ ಸಿಗುವುದು ಕಷ್ಟ. ಮನೆಗಳಿಗೆ ನಾನು ಹಾಗೆ ಮಾಡುವುದಿಲ್ಲ.

ಪ್ರಶ್ನೆ: ಎಲ್ಲ ಮಾಡಿದೆ ಮೇಡಂ, ಫೋನ್ ಸರಿಯಾಯಿತು. ಮಗಳ ಲ್ಯಾಪ್‌ಟಾಪ್ ವೈರಿನಲ್ಲಿದೆ, ಅದರಲ್ಲಿ ಮಾತ್ರ 169.254ರಿಂದ ಶುರುವಾಗುವ ನಂಬರ್ ಕಾಣುತ್ತದೆ.

ಉತ್ತರ: ಆ ನಂಬರ್ ಯಾರೂ ಕೊಟ್ಟಿದ್ದಲ್ಲ. ವಿಳಾಸ ಕೇಳಿ, ಉತ್ತರ ಬರದೆ, ಲ್ಯಾಪ್‌ಟಾಪ್ ತಾನೇ ಹಾಕಿಕೊಂಡಿದ್ದು. ವೈರ್ ವ್ಯಾನ್ ಪೋರ್ಟಿಗೆ ಹೋಗಿದೆಯಾ, ತುದಿ ಸಡಿಲ ಇದೆಯಾ ನೋಡಿ. ಟಕ್ ಅಂತ ಸದ್ದು ಬರುವ ತನಕ ಒತ್ತಿ.

ಪ್ರಶ್ನೆ (ಇನ್ನೊಬ್ಬರು): ಅಕ್ಕಾ, ಊರಿನ ಮನೆಯ ಕ್ಯಾಮೆರಾ ಬೆಂಗಳೂರಿನಿಂದ ನೋಡಬೇಕು. ಡಿವಿಆರ್‌ಗೆ (ಕ್ಯಾಮೆರಾ ರೆಕಾರ್ಡ್ ಮಾಡುವ ಪೆಟ್ಟಿಗೆ) 192.168.1.10 ಕೊಟ್ಟು, ಹೊರಗಿನಿಂದ ಬಂದದ್ದನ್ನು ರೌಟರ್ ಅದಕ್ಕೆ ಕಳಿಸುವಂತೆ ಪೋರ್ಟ್ ಫಾರ್ವರ್ಡ್ ಮಾಡಿದೆ, ಆಗುತ್ತಿಲ್ಲ. ರೌಟರಿನ ವ್ಯಾನ್ ಪುಟದಲ್ಲಿ 100.72ರಿಂದ ಶುರುವಾಗುವ ಐಪಿ ಇದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ವಠಾರ ನೋಡಿದ್ದೀರಲ್ಲ? ಬೀದಿಗೆ ಒಂದೇ ನಂಬರ್, ಒಳಗೆ ಹತ್ತು ಮನೆ. 192.168 ಅನ್ನುವುದು ಒಳಗಿನ ಮನೆ ನಂಬರ್. ಲಕ್ಷಾಂತರ ಮನೆಗಳಲ್ಲಿ ಅದೇ ನಂಬರ್ ಇದೆ, ಹೊರಗಿನಿಂದ ಅದಕ್ಕೆ ಕಾಗದ ಹಾಕಲು ಆಗುವುದಿಲ್ಲ. ಬೀದಿಯ ನಂಬರ್ ಎಂದರೆ ಪಬ್ಲಿಕ್ ಐಪಿ.

ಈ ಬಗೆಯ ನಂಬರ್‌ಗಳ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಗತ್ತಿಗೆಲ್ಲ ಹಂಚುವ ಮೂಲ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಹಾಗಾಗಿ ಇಂಟರ್ನೆಟ್ ಕಂಪನಿಗಳು ಎಷ್ಟೋ ಗ್ರಾಹಕರನ್ನು ಒಂದೇ ಪಬ್ಲಿಕ್ ಐಪಿಯ ಹಿಂದೆ ಇಡುತ್ತವೆ. ಇದಕ್ಕೆಂದೇ 100.64ರಿಂದ 100.127ರವರೆಗಿನ ವಿಳಾಸಗಳನ್ನು ತೆಗೆದಿಟ್ಟಿದ್ದಾರೆ. ನಿಮ್ಮದು ಅದೇ. ಅಂದರೆ ನಿಮ್ಮ ವಠಾರವೇ ಇನ್ನೊಂದು ದೊಡ್ಡ ವಠಾರದ ಒಳಗಿದೆ, ಅದರ ಬೀಗ ಕಂಪನಿಯ ಕೈಯಲ್ಲಿದೆ. ನೀವು ಎಷ್ಟು ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ. ಪಬ್ಲಿಕ್ ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಡುತ್ತೀರಾ ಅಂತ ಕಂಪನಿಯನ್ನು ಕೇಳಿ. ಸಾಮಾನ್ಯವಾಗಿ ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ.

ಸುಮ್ನೆ ಮನೆ ನೋಡಿಕೊಳ್ಳಲು ಡಿವಿಆರ್ ಕಂಪನಿಯ ಆ್ಯಪ್ ಸಾಕು ತಮ್ಮಾ. ಡಿವಿಆರ್ ತಾನೇ ಒಳಗಿನಿಂದ ಅವರ ಸರ್ವರ್‌ಗೆ ಕನೆಕ್ಟ್ ಆಗುತ್ತದೆ, ಹಾಗಾಗಿ ಪಬ್ಲಿಕ್ ಐಪಿ ಬೇಡ. ಫಾರ್ವರ್ಡ್ ಮಾಡಿದ ಪೋರ್ಟನ್ನು ಇವತ್ತೇ ತೆಗೆದುಬಿಡಿ. ಡಿವಿಆರ್ ಜೊತೆ ಬಂದ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ, ಆ್ಯಪ್ ಹಾಕುವ ಮೊದಲು ಅದನ್ನು ಬದಲಿಸಿ.