‘ಅಭಿಷಿಕ್ತರನ್ನು ಮುಟ್ಟಬೇಡಿರಿ’: ಹಾಗಾದರೆ ಲೆಕ್ಕ ಕೇಳುವುದು ಪಾಪವೇ?

ಪ್ರಶ್ನೆ: ಮಾನ್ಯ ಉಪಾಧ್ಯಾಯರಿಗೆ ವಂದನೆಗಳು. ನಾನು ನಮ್ಮ ಸಭೆಯ ಸಮಿತಿಯ ಸದಸ್ಯ. ಕಟ್ಟಡ ನಿಧಿಗೆ ಬಂದ ಕಾಣಿಕೆಯ ಲೆಕ್ಕವನ್ನು ವಾರ್ಷಿಕ ಕೂಟದಲ್ಲಿ ಮಂಡಿಸಬೇಕೆಂದು ಕೇಳಿಕೊಂಡಾಗ, ಸಭಾಪಾಲಕರು ಕೀರ್ತನೆ 105ರಿಂದ ‘ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ’ ಎಂಬ ಮಾತನ್ನು ಓದಿ ಕೂಟವನ್ನೇ ಮುಗಿಸಿಬಿಟ್ಟರು. ನಾಯಕರನ್ನು ಪ್ರಶ್ನಿಸುವುದು ಸತ್ಯವೇದದ ಪ್ರಕಾರ ತಪ್ಪೇ?

ಉತ್ತರ: ಈ ವಚನವನ್ನು ಎತ್ತಿ ಹೇಳುವವರು ಅದರ ಹಿಂದಿನ ಸಾಲನ್ನೂ ಓದಿದ್ದನ್ನು ನಾನು ಕೇಳಿರುವುದು ಅಪರೂಪ. ಅಲ್ಲಿ ಅಭಿಷಿಕ್ತರೆಂದರೆ, ಅಂದರೆ ದೇವರು ತನ್ನ ಕಾರ್ಯಕ್ಕೆಂದು ಪ್ರತ್ಯೇಕಿಸಿದವರೆಂದರೆ, ಸ್ವಂತ ನೆಲವಿಲ್ಲದೆ ಜನಾಂಗದಿಂದ ಜನಾಂಗಕ್ಕೆ ಅಲೆಯುತ್ತಿದ್ದ ಇಸ್ರಾಯೇಲರ ಮೂಲಪಿತೃಗಳಾದ ಅಬ್ರಹಾಮ, ಇಸಾಕ, ಯಾಕೋಬರ ಚಿಕ್ಕ ಗುಂಪು. ಎಚ್ಚರಿಕೆ ಪಡೆದವರು ಅರಸರು. ಬಲವುಳ್ಳವರನ್ನು ತಡೆಯಲು ಹೇಳಿದ ಮಾತು ಈಗ ಬಲವುಳ್ಳವರ ಗುರಾಣಿಯಾಗಿದೆ. ದಾವೀದನು ಏಂಗೆದಿಯ ಗುಹೆಯಲ್ಲಿ, ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅಭಿಷಿಕ್ತ ಅರಸನಾದ ಸೌಲನ ಮೇಲೆ ಕೈಮಾಡಲಿಲ್ಲವೆಂಬುದು ನಿಜ. ಆದರೆ ಹೊರಗೆ ಬಂದು, ತಾನು ಗುಟ್ಟಾಗಿ ಕತ್ತರಿಸಿದ್ದ ಸೌಲನ ನಿಲುವಂಗಿಯ ಅಂಚನ್ನು ಎತ್ತಿ ತೋರಿಸಿ, ‘ಜನರ ಮಾತು ಕೇಳಿ ನನ್ನ ಮೇಲೆ ಏಕೆ ಸಂಶಯಪಡುತ್ತೀ’ ಎಂಬರ್ಥದಲ್ಲಿ ಅರಸನನ್ನು ನೇರವಾಗಿ ಪ್ರಶ್ನಿಸಿದನು.

ಯಾಜಕಕಾಂಡದ 4ನೆಯ ಅಧ್ಯಾಯವು ಇದೇ ‘ಅಭಿಷಿಕ್ತ’ ಎಂಬ ಪದವನ್ನು ಬಳಸಿ, ಅಭಿಷಿಕ್ತ ಯಾಜಕನು ಪಾಪಮಾಡಿದರೆ ಆ ಅಪರಾಧವು ಜನರ ಮೇಲೂ ಬರುತ್ತದೆಂದು ಹೇಳುತ್ತದೆ. ಅವನ ದೋಷಪರಿಹಾರಕ್ಕೆ ಹೋರಿ ಬೇಕು, ಅಧಿಪತಿಗೆ ಹೋತ ಸಾಕು, ಸಾಮಾನ್ಯನಿಗೆ ಹೆಣ್ಣು ಆಡು ಅಥವಾ ಹೆಣ್ಣು ಕುರಿ. ಇಡೀ ಇಸ್ರಾಯೇಲ್ ಸಮೂಹ ತಪ್ಪಿದಾಗಲೂ ಹೋರಿಯನ್ನೇ ಅರ್ಪಿಸಬೇಕಾಗಿತ್ತೆಂಬುದನ್ನು ಗಮನಿಸಿದರೆ, ಒಬ್ಬ ಯಾಜಕನ ತಪ್ಪು ಎಷ್ಟು ಭಾರವೆಂಬುದು ತಿಳಿಯುತ್ತದೆ. ಇನ್ನು, ಅರಸರನ್ನು ಅಭಿಷೇಕಿಸಿದ ಸಮುವೇಲನೇ ವೃದ್ಧಾಪ್ಯದಲ್ಲಿ ಜನರೆದುರು ನಿಂತು, ಯಾರ ಎತ್ತನ್ನು, ಯಾರ ಕತ್ತೆಯನ್ನು ತೆಗೆದುಕೊಂಡೆ, ಯಾರಿಂದ ಲಂಚ ಪಡೆದೆ, ಸಾಕ್ಷಿ ಹೇಳಿರಿ ಎಂದು ತಾನಾಗಿ ಕೇಳಿದನು. ಯಾರೂ ಅವನ ಮೇಲೆ ದೂರು ಹೇಳಿರಲಿಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ದಾವೀದನು ತನ್ನ ಸೈನಿಕನಾದ ಊರೀಯನನ್ನು ಅವನ ಹೆಂಡತಿಗಾಗಿ ಕೊಲ್ಲಿಸಿದರೂ ಅರಸನಾಗಿಯೇ ಉಳಿದನಲ್ಲವೇ? ದೇವರೇ ಕ್ಷಮಿಸಿದ ಮೇಲೆ ಸಭೆ ಕೆದಕುವುದೇಕೆ?

ಉತ್ತರ: ಕ್ಷಮೆ ಬಂದದ್ದು ಪ್ರವಾದಿಯಾದ ನಾತಾನನು ಬಡವನ ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳಿ, ‘ಆ ಮನುಷ್ಯನು ನೀನೇ’ ಎಂದು ಮುಖಕ್ಕೆ ಹೇಳಿ, ದಾವೀದನು ತಪ್ಪೊಪ್ಪಿಕೊಂಡ ಮೇಲೆ. ಗುಟ್ಟಾಗಿ ಮಾಡಿದ್ದಕ್ಕೆ ಪ್ರತಿಫಲ ಇಸ್ರಾಯೇಲರೆಲ್ಲರ ಮುಂದೆ ಬರುವುದೆಂದೂ ಪ್ರವಾದಿ ಹೇಳಿದನು. ಹಣದ ಮಟ್ಟಿಗಂತೂ ಅಪೊಸ್ತಲನಾದ ಪೌಲನ ಮಾತು ಇನ್ನೂ ಸ್ಪಷ್ಟ: ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಕಾಣಿಕೆಯನ್ನು ಸಭೆಗಳು ಆರಿಸಿದ ಸಹೋದರನ ಜೊತೆಯಲ್ಲೇ ಸಾಗಿಸುವ ಏರ್ಪಾಡು ಮಾಡಿ, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲೂ ಯೋಗ್ಯವಾದದ್ದನ್ನು ಮಾಡಬೇಕೆಂದು 2 ಕೊರಿಂಥ 8ರಲ್ಲಿ ಬರೆದನು.

ಮೊದಲು ಕೇಳಿದ ಸಹೋದರರಿಗೆ ಒಂದು ಮಾತು. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಸಭೆಯ ಹಿರಿಯನ ಮೇಲಣ ದೂರನ್ನು ಅಂಗೀಕರಿಸಬಾರದೆಂದು 1 ತಿಮೊಥೆ 5 ಹೇಳುವುದರಿಂದ, ಕಳ್ಳತನದ ಮಾತನ್ನು ಎತ್ತದೆ, ರಸೀದಿ ಪುಸ್ತಕವನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಸಮಿತಿಯ ಮುಂದಿಡುವಂತೆ ಕೋರಿ, ಇನ್ನಿಬ್ಬರ ಸಹಿಯೊಂದಿಗೆ ಕಾರ್ಯದರ್ಶಿಗೆ ಪತ್ರ ಬರೆಯಿರಿ.